ಸೋಲಾರ್ ಮನೆಗೆ ಮಳೆಗಾಲದ ಜನರೇಟರ್

ಮಲೆನಾಡಿನ ಕಾಡಂಚಿನ ಒಂಟಿಮನೆಗಳಲ್ಲಿ ಸೋಲಾರ್ ಒಂದನ್ನೇ ನಂಬಿದವರಿಗೆ ಆರಿದ್ರಾ, ಪುನರ್ವಸು ಮಳೆ ಹಿಡಿಯಿತೆಂದರೆ ಕಷ್ಟ. ದಟ್ಟ ಮೋಡ ಕವಿದ ದಿನ ಪ್ಯಾನೆಲ್‌ಗಳು ಬಿಸಿಲುಗಾಲದ ಹತ್ತರಲ್ಲಿ ಒಂದೆರಡು ಪಾಲು ಕರೆಂಟು ಕೊಟ್ಟರೆ ಹೆಚ್ಚು. ಆ ಕೆಲವು ವಾರಗಳಿಗಾಗಿ ಪ್ಯಾನೆಲ್‌ಗಳನ್ನು ಐದಾರು ಪಟ್ಟು ಮಾಡುವುದಕ್ಕಿಂತ ಒಂದು ಜನರೇಟರ್ ಇಟ್ಟುಕೊಳ್ಳುವುದೇ ಮೇಲು.

ಎಷ್ಟು ದೊಡ್ಡದು ಬೇಕು? ಮನೆಯಲ್ಲಿರುವ ಫ್ರಿಜ್, ಮಿಕ್ಸಿ, ಪಂಪ್ ಎಲ್ಲದರ ವ್ಯಾಟ್ ಕೂಡಿಸಿ ಕೊಳ್ಳುವುದು ರೂಢಿ. ನನ್ನ ಪ್ರಕಾರ ಲೆಕ್ಕ ಬ್ಯಾಟರಿಯಿಂದ ಶುರುವಾಗಬೇಕು. ಮನೆಯ ಲೋಡನ್ನು ದಿನವಿಡೀ ಇನ್ವರ್ಟರ್ ಹೊರುತ್ತದೆ. ಜನರೇಟರ್‌ಗೆ ಇರುವ ದೊಡ್ಡ ಕೆಲಸ ಬ್ಯಾಟರಿ ತುಂಬಿಸುವುದು.

12 ವೋಲ್ಟಿನ, 200 ಆಂಪಿಯರ್-ಅವರ್‌ನ ನಾಲ್ಕು ಟ್ಯೂಬುಲರ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದ 48 ವೋಲ್ಟಿನ ವ್ಯವಸ್ಥೆ ಇದೆ ಎನ್ನೋಣ. ಇಂಥ ಬ್ಯಾಟರಿಗೆ ಅದರ ಸಾಮರ್ಥ್ಯದ ಹತ್ತನೇ ಒಂದು ಪಾಲು, ಅಂದರೆ 20 ಆಂಪಿಯರ್, ಹದವಾದ ಚಾರ್ಜಿಂಗ್. ಚಾರ್ಜ್ ಆಗುವಾಗ ವೋಲ್ಟೇಜ್ 57ರವರೆಗೆ ಏರುವುದರಿಂದ ಬ್ಯಾಟರಿಗೆ ಹೋಗುವುದು ಸುಮಾರು 1,140 ವ್ಯಾಟ್. ಚಾರ್ಜರ್‌ನಲ್ಲಿ ನಷ್ಟವಾಗುವುದನ್ನು ಸೇರಿಸಿದರೆ 1,350. ಅಗ್ಗದ ಚಾರ್ಜರ್‌ನ ಪವರ್ ಫ್ಯಾಕ್ಟರ್ 0.7 ಇದ್ದರೆ ಜನರೇಟರ್ ಮೇಲೆ ಬೀಳುವ ಭಾರ 1.9 ಕೆವಿಎ. ಅದೇ ಹೊತ್ತಿಗೆ ಫ್ರಿಜ್, ದೀಪಗಳಿಗೆ ಅರ್ಧ ಕೆವಿಎ. ಒಟ್ಟು 2.4. ಯಂತ್ರ ಅದರ ಶಕ್ತಿಯ ನೂರಕ್ಕೆ 80ರಷ್ಟರಲ್ಲಿ ಓಡಲಿ ಎಂದರೆ 3 ಕೆವಿಎ ಸಾಕು. ಕೊಳ್ಳುವಾಗ ಫಲಕದ ಮೇಲಿನ ಗರಿಷ್ಠ ಅಂಕಿಯನ್ನು ನಂಬಬೇಡಿ, ಸತತವಾಗಿ ಎಷ್ಟು ಕೊಡುತ್ತದೆ ಎಂಬುದನ್ನು ಕೇಳಿ. ಎತ್ತರದ ಜಾಗಗಳಲ್ಲಿ ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತದೆ: 300 ಮೀಟರ್‌ಗೆ ನೂರಕ್ಕೆ ಸುಮಾರು ಮೂರರಷ್ಟು. ಮೂಡಿಗೆರೆ ಸುತ್ತಿನ ತೋಟದ ಮನೆಗಳು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಲೆಕ್ಕ ಕೆಡಿಸುವುದು ಪಂಪ್. ಒಂದು ಎಚ್‌ಪಿ ಮೋಟಾರ್ ಓಡುವಾಗ ಎಳೆಯುವುದು ಸುಮಾರು 1.1 ಕಿಲೋವ್ಯಾಟ್ ಆದರೂ ಶುರುವಾಗುವ ಗಳಿಗೆಯಲ್ಲಿ ಅದರ ನಾಲ್ಕೈದು ಪಟ್ಟು ಕರೆಂಟು ಬೇಡುತ್ತದೆ. ದಿನಕ್ಕೆ ಅರ್ಧ ಗಂಟೆಯ ಈ ಪಂಪ್‌ಗಾಗಿ 7.5 ಕೆವಿಎ ಡೀಸೆಲ್ ಯಂತ್ರ ತಂದವರು ಉಳಿದ ಹೊತ್ತೆಲ್ಲ ಅದನ್ನು ಹಗುರ ಲೋಡಿನಲ್ಲಿ ಓಡಿಸುತ್ತಾರೆ. ಮೂರನೇ ಒಂದು ಪಾಲಿಗಿಂತ ಕಡಿಮೆ ಲೋಡಿನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರ್‌ನಲ್ಲಿ ಕಪ್ಪು ಎಣ್ಣೆಜಿಡ್ಡು ಕಟ್ಟುತ್ತದೆ, ಎಂಜಿನ್ ಬೇಗ ಸವೆಯುತ್ತದೆ. ಪಂಪ್‌ಗೆ ಮೆಲ್ಲಗೆ ಶುರುವಾಗುವ ಡ್ರೈವ್ ಹಾಕಿಸಿ, ನೀರೆತ್ತುವಾಗ ಚಾರ್ಜಿಂಗ್ ನಿಲ್ಲಿಸಿದರೆ ಚಿಕ್ಕ ಜನರೇಟರ್ ನಿಭಾಯಿಸುತ್ತದೆ.

ಓಡಿಸುವ ಹೊತ್ತೂ ಮುಖ್ಯ. ಟ್ಯೂಬುಲರ್ ಬ್ಯಾಟರಿ ನೂರಕ್ಕೆ 80 ತುಂಬುವವರೆಗೆ ಕರೆಂಟನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ, ಆಮೇಲೆ ನಿಧಾನಿಸುತ್ತದೆ. ಮೇಲಿನ ಲೆಕ್ಕದಲ್ಲಿ ನಾಲ್ಕು ಗಂಟೆ ಓಡಿದರೆ 40ರಲ್ಲಿದ್ದ ಬ್ಯಾಟರಿ 80 ಮುಟ್ಟುತ್ತದೆ. ಕೊನೆಯ 20ಕ್ಕಾಗಿ ಪೆಟ್ರೋಲ್ ಸುಡುವುದು ದಂಡ. ಬೆಳಿಗ್ಗೆಯೇ ಓಡಿಸಿ ನಿಲ್ಲಿಸಿ. ಮಿಕ್ಕಿದ್ದನ್ನು ಮಧ್ಯಾಹ್ನದ ಮಂಕು ಬೆಳಕಿನಲ್ಲೇ ಪ್ಯಾನೆಲ್‌ಗಳು ನಿಧಾನವಾಗಿ ತುಂಬುತ್ತವೆ.

ಮಳೆಗೆ ನೆನೆಯುತ್ತದೆಂದು ಜನರೇಟರನ್ನು ಬಚ್ಚಲಮನೆಗೋ ಸೌದೆ ಕೊಟ್ಟಿಗೆಗೋ ಎಳೆದು ತರುವವರಿದ್ದಾರೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ. ಮನೆಯಿಂದ ದೂರ, ನಾಲ್ಕೂ ಕಡೆ ತೆರೆದ ತಗಡಿನ ಚಪ್ಪರ ಹಾಕಿಸಿ, ಕಟ್ಟೆಯ ಮೇಲಿಡಿ.