ಪದರಗಳ ಕಲೆ: ಮಿಶ್ರ ಮಾಧ್ಯಮದ ಅಂಗಳಕ್ಕೆ ಡಿಜಿಟಲ್ ರೇಖೆ ಬಂದ ಬಗೆ

ಬಣ್ಣದ ಜೊತೆಗೆ ಕಾಗದ, ಬಟ್ಟೆ, ದಾರ, ಮಣ್ಣು, ಲೋಹ ಮೊದಲಾದ ಭಿನ್ನ ಜಾತಿಯ ವಸ್ತುಗಳನ್ನು ಒಂದೇ ಕೃತಿಯಲ್ಲಿ ಕೂಡಿಸಿ, ಆ ವಸ್ತುಗಳ ಸ್ವಭಾವವನ್ನೇ ಅರ್ಥದ ಭಾಗವಾಗಿಸುವ ವಿಧಾನಕ್ಕೆ ಕಲಾವಿಮರ್ಶೆಯಲ್ಲಿ ಮಿಶ್ರ ಮಾಧ್ಯಮವೆಂದು ಹೆಸರು. ಇದರ ಆಧುನಿಕ ಆರಂಭವನ್ನು ಕಲಾ ಇತಿಹಾಸಕಾರರು ಸಾಮಾನ್ಯವಾಗಿ 1912ರಲ್ಲಿ ಗುರುತಿಸುತ್ತಾರೆ. ಆ ವರ್ಷ ಪ್ಯಾಬ್ಲೊ ಪಿಕಾಸೊ ಅವರು ಬೆತ್ತದ ಹೆಣಿಗೆಯ ವಿನ್ಯಾಸ ಅಚ್ಚಾಗಿದ್ದ ಮೇಣಬಟ್ಟೆಯ ತುಂಡೊಂದನ್ನು ಚಿತ್ರಕ್ಕೆ ಅಂಟಿಸಿ, ಅದರ ಸುತ್ತ ನಿಜವಾದ ಹಗ್ಗವನ್ನೇ ಚೌಕಟ್ಟಾಗಿ ಬಿಗಿದರು. ಅದಾಗಿ ಒಂದು ಶತಮಾನ ಕಳೆಯುವಷ್ಟರಲ್ಲಿ, ತೂಕವಾಗಲಿ ವಾಸನೆಯಾಗಲಿ ಇಲ್ಲದ ಡಿಜಿಟಲ್ ರೇಖೆ ಕಲಾವಿದರ ಕೈಗೆ ಬಂದಿದೆ. ವಸ್ತುವನ್ನೇ ನೆಚ್ಚಿಕೊಂಡ ಕಲೆಯಲ್ಲಿ ವಸ್ತುವೇ ಇಲ್ಲದ ರೇಖೆಗೆ ಏನು ಕೆಲಸ ಎಂಬ ಪ್ರಶ್ನೆಗೆ ಕರ್ನಾಟಕದ ಕಲಾಪರಂಪರೆಯಲ್ಲಿ, ಅದರಲ್ಲಿಯೂ ಭದ್ರಾ ನದಿಯ ಆಸುಪಾಸಿನ ಸೀಮೆಯಲ್ಲಿ, ಸ್ಪಷ್ಟವಾದ ಉತ್ತರವೊಂದನ್ನು ಹುಡುಕಬಹುದು.

ಕೆಮ್ಮಣ್ಣು, ಅಕ್ಕಿಹಿಟ್ಟು, ಚೊಗರು

ಮಿಶ್ರ ಮಾಧ್ಯಮ ಎಂಬ ಹೆಸರು ಹೊಸದಾದರೂ ಅದರ ಆಚರಣೆ ಈ ನಾಡಿಗೆ ಹೊಸದಲ್ಲ. ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಹೆಣ್ಣುಮಕ್ಕಳು ಮದುವೆಯಂಥ ಮಂಗಳಕಾರ್ಯಗಳಿಗೆಂದು ಗೋಡೆಯ ಮೇಲೆ ಬರೆಯುತ್ತ ಬಂದಿರುವ ಹಸೆ ಚಿತ್ತಾರದಲ್ಲಿ, ಹಿನ್ನೆಲೆಗೆ ಕೆಮ್ಮಣ್ಣು, ಬಿಳಿಗೆರೆಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿಯ ನಾರು ಹೀಗೆ ಒಂದೊಂದು ಅಂಶವೂ ಹೊಲ, ಅಡುಗೆಮನೆ ಅಥವಾ ಕಾಡಿನಿಂದ ಬಂದದ್ದಾಗಿರುತ್ತದೆ. ಬರೆಯುವವರ ಬದುಕಿನ ಸುತ್ತಳತೆಯೇ ಆ ಚಿತ್ರದ ಬಣ್ಣಗಳ ಸುತ್ತಳತೆಯೂ ಆಗಿರುವುದರಿಂದ, ಅಲ್ಲಿ ಬಣ್ಣವನ್ನು ಅದು ಹುಟ್ಟಿದ ಜಾಗದಿಂದ ಬೇರ್ಪಡಿಸಿ ನೋಡಲು ಆಗುವುದಿಲ್ಲ.

ಭದ್ರಾ ನಾಲೆಯ ನೀರಿನಲ್ಲಿ ಭತ್ತ, ಅಡಿಕೆ ಬೆಳೆಯುವ ತ್ಯಾವಣಿಗೆಯ ಸುತ್ತಮುತ್ತ, ಒಟ್ಟಾರೆ ಚನ್ನಗಿರಿ ತಾಲ್ಲೂಕಿನಲ್ಲಿ, ಇಂಥದೇ ಗುಣವುಳ್ಳ ಇನ್ನೊಂದು ಬಣ್ಣ ಪ್ರತಿ ಕೊಯ್ಲಿನಲ್ಲಿಯೂ ಹಂಡೆಗಟ್ಟಲೆ ಸಿದ್ಧವಾಗುತ್ತದೆ. ಎಳೆಯ ಹಸಿರು ಅಡಿಕೆಯನ್ನು ಸುಲಿದು ಬೇಯಿಸಿದಾಗ ಉಳಿಯುವ ನೀರನ್ನು ಮತ್ತೆ ಮತ್ತೆ ಬಳಸುತ್ತ ಹೋದಂತೆ ಅದು ದಟ್ಟವಾದ ಕೆಂಗಂದು ರಸವಾಗುತ್ತದೆ. ಇದಕ್ಕೆ ಚೊಗರು ಎನ್ನುತ್ತಾರೆ, ಬೆಂದ ಅಡಿಕೆಗೆ ಬಣ್ಣ ಮತ್ತು ಹೊಳಪು ಬರಲೆಂದು ಇದನ್ನೇ ಲೇಪಿಸಿ ಒಣಗಿಸುತ್ತಾರೆ. ಚೊಗರಿನಲ್ಲಿ ಟ್ಯಾನಿನ್, ಅಂದರೆ ನಾಲಗೆಗೆ ಒಗರು ಕೊಡುವ ಸಸ್ಯಜನ್ಯ ಪದಾರ್ಥ, ಹೇರಳವಾಗಿರುವುದರಿಂದ ಅದು ನೂಲಿಗೂ ಕಾಗದಕ್ಕೂ ಗಟ್ಟಿಯಾಗಿ ಹತ್ತುತ್ತದೆ. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1996ರಲ್ಲಿ ಆರಂಭವಾದ ಚರಕ ಮಹಿಳಾ ಸಹಕಾರ ಸಂಘವು ಕೈಮಗ್ಗದ ನೂಲಿಗೆ ಬಣ್ಣ ಕಟ್ಟಲು ಅಡಿಕೆ ಚೊಗರನ್ನು ಬಳಸಿ ಈ ಗುಣವನ್ನು ರಾಜ್ಯಕ್ಕೆಲ್ಲ ತೋರಿಸಿಕೊಟ್ಟಿದೆ.

ಚೊಗರನ್ನು ಕಾಗದದ ಮೇಲೆ ಹಚ್ಚಿದಾಗ ಅದು ಬರಿಯ ಕಂದು ಬಣ್ಣವಾಗಿ ಸುಮ್ಮನಿರುವುದಿಲ್ಲ. ಸುಣ್ಣದ ತಿಳಿನೀರು ತಾಗಿದ ಕಡೆ ಅದರ ಕೆಂಪು ಏರುತ್ತದೆ, ತುಕ್ಕು ಹಿಡಿದ ಕಬ್ಬಿಣವನ್ನು ನೆನೆಸಿದ ನೀರು ತಾಗಿದ ಕಡೆ ಟ್ಯಾನಿನ್ ಮತ್ತು ಕಬ್ಬಿಣ ಕೂಡಿ ಬೂದುಗಪ್ಪು ಮೂಡುತ್ತದೆ, ಕಬ್ಬಿಣದ ಅಂಶ ಅತಿಯಾದರೆ ವರ್ಷಗಳು ಕಳೆದಂತೆ ಆ ಕಪ್ಪೇ ಕಾಗದವನ್ನು ತಿಂದುಹಾಕುವುದೂ ಉಂಟು. ಮಿಶ್ರ ಮಾಧ್ಯಮದ ಕಲಾವಿದರು ಪದರ ಎಂದು ಕರೆಯುವುದು ಇಂಥದನ್ನೇ: ಮೊದಲು ಹಚ್ಚಿದ್ದು ನಂತರದ್ದನ್ನು ಬದಲಿಸುತ್ತದೆ, ನಂತರದ್ದು ಮೊದಲಿನದರೊಳಕ್ಕೆ ಇಳಿಯುತ್ತದೆ, ಒಮ್ಮೆ ಆದದ್ದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ.

ಭದ್ರಾವತಿಯಿಂದ ವೆನಿಸ್‌ವರೆಗೆ

ವಸ್ತುವಿನ ಈ ಹಟಮಾರಿ ಸ್ವಭಾವವನ್ನು ಸಮಕಾಲೀನ ಕಲೆಯ ಕೇಂದ್ರಕ್ಕೆ ತಂದವರಲ್ಲಿ ಪ್ರಮುಖರು ಚನ್ನಗಿರಿಯ ನೆರೆಯ ತಾಲ್ಲೂಕಾದ ಭದ್ರಾವತಿಯಲ್ಲಿ 1957ರಲ್ಲಿ ಜನಿಸಿದ ಶೀಲಾ ಗೌಡ. ಆರ್.ಎಂ. ಹಡಪದ ಅವರು ಬೆಂಗಳೂರಿನಲ್ಲಿ ಕಟ್ಟಿ ಬೆಳೆಸಿದ ಕೆನ್ ಕಲಾಶಾಲೆಯಲ್ಲಿ, ಅನಂತರ ಶಾಂತಿನಿಕೇತನದಲ್ಲಿ, 1986ರ ವೇಳೆಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಅವರು ಕಲಿತದ್ದು ವರ್ಣಚಿತ್ರ ಕಲೆಯನ್ನು. ಆದರೆ 1992ರ ಕೊನೆಯಲ್ಲಿ ದೇಶವನ್ನು ಕಲಕಿದ ಕೋಮುಹಿಂಸೆಯ ನಂತರ, ತೈಲವರ್ಣದ ಭಾಷೆ ತಮ್ಮ ಕಾಲದ ಸಂಕಟಕ್ಕೆ ಸಾಲದೆಂದು ಕಂಡು, ಅವರು ಸಗಣಿಯನ್ನು ಕೈಗೆತ್ತಿಕೊಂಡರು. ಒಂದೆಡೆ ಪೂಜ್ಯಭಾವನೆಯೊಂದಿಗೆ, ಇನ್ನೊಂದೆಡೆ ಅಂಗಳ ಸಾರಿಸುವ, ಬೆರಣಿ ತಟ್ಟುವ ಹೆಣ್ಣಿನ ದಿನನಿತ್ಯದ ದುಡಿಮೆಯೊಂದಿಗೆ ಬೆಸೆದುಕೊಂಡ ಸಗಣಿ ಆ ಕೃತಿಗಳಲ್ಲಿ ಬಣ್ಣವೂ ಹೌದು, ವಿಷಯವೂ ಹೌದು.

1998ರಿಂದ ಅವರು ರೂಪಿಸಿದ, ‘ಅಂಡ್ ಟೆಲ್ ಹಿಮ್ ಆಫ್ ಮೈ ಪೇಯ್ನ್’ ಎಂಬ ಹೆಸರಿನ ಕೃತಿಯಲ್ಲಿ ಉದ್ದನೆಯ ದಾರಗಳನ್ನು ಸೂಜಿಯ ಕಣ್ಣಿನ ಮೂಲಕ ಎಳೆದು, ಅಂಥ ಅನೇಕ ಎಳೆಗಳನ್ನು ಅಂಟು ಮತ್ತು ಕುಂಕುಮದ ಲೇಪದಿಂದ ಒಂದುಗೂಡಿಸಿ ಕೆಂಪು ಹಗ್ಗಗಳನ್ನಾಗಿಸಲಾಗಿದೆ. ಗೋಡೆಯಿಂದ ಇಳಿದು ನೆಲದ ಮೇಲೆ ಸುರುಳಿಯಾಗಿ ಹರಿಯುವ ಆ ಹಗ್ಗಗಳ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಉಳಿದುಕೊಂಡಿವೆ. ದೂರದಿಂದ ನೋಡಿದವರಿಗೆ ಇದು ಅವಕಾಶದಲ್ಲಿ, ಎಂದರೆ ಉದ್ದ, ಅಗಲ, ಎತ್ತರಗಳಿರುವ ನಿಜವಾದ ಜಾಗದಲ್ಲಿ ಎಳೆದ ರೇಖಾಚಿತ್ರದಂತೆ ಕಂಡರೆ, ಹತ್ತಿರ ಬಂದವರಿಗೆ ಒಂದೊಂದು ಎಳೆಯ ಹಿಂದಿರುವ ಕೈಗೆಲಸ ಮತ್ತು ಸೂಜಿಯ ಮೊನೆ ಅರಿವಿಗೆ ಬರುತ್ತವೆ. 2009ರ ವೆನಿಸ್ ಬಿನಾಲೆಯಲ್ಲಿ, ಅಂದರೆ ಎರಡು ವರ್ಷಗಳಿಗೊಮ್ಮೆ ನಡೆಯುವ ಅಂತಾರಾಷ್ಟ್ರೀಯ ಕಲಾಮೇಳದಲ್ಲಿ, ಪ್ರದರ್ಶನಗೊಂಡ ‘ಬಿಹೋಲ್ಡ್’ ಕೃತಿಗೆ ಬೇಕಾದದ್ದು ದೇವಾಲಯಗಳಲ್ಲಿ ಮುಡಿ ಕೊಟ್ಟ ಕೂದಲಿನಿಂದ ಹೊಸೆದ ಸುಮಾರು 4000 ಮೀಟರ್ ಹಗ್ಗ ಮತ್ತು ಕಾರುಗಳ 20 ಬಂಪರ್‌ಗಳು. ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕೂದಲ ಹಗ್ಗ ಕಟ್ಟುವ ನಮ್ಮ ರಸ್ತೆಗಳ ವಾಡಿಕೆಯನ್ನು ತಿಳಿದವರಿಗೆ, ಅಲ್ಲಿ ಭಾರವಾದ ಉಕ್ಕನ್ನು ಹಗುರವಾದ ಕೂದಲು ಎತ್ತಿ ಹಿಡಿದಿರುವುದರ ಅರ್ಥ ಯಾರೂ ಬಿಡಿಸಿ ಹೇಳದೆಯೇ ತಟ್ಟುತ್ತದೆ.

ಇದೇ ಹಾದಿಯ ಇತರ ಕವಲುಗಳೂ ಗಮನಾರ್ಹ. ಮೈಸೂರಿನಲ್ಲಿ 1941ರಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್ ಅವರು ತೈಲವರ್ಣದ ಜೊತೆಗೆ ತಾಮ್ರದ ಉಬ್ಬುಚಿತ್ರಗಳನ್ನು ಮಾಡಿದರು. ನೇಕಾರ ಸುಬ್ಬರಾಯಲು ಅವರೊಡಗೂಡಿ ತಮ್ಮ ಚಿತ್ರಗಳನ್ನು ರೇಷ್ಮೆಯ ಚಿತ್ರಪಟಗಳಾಗಿ ನೇಯಿಸಿದರು. ಕಾಗದವನ್ನು ಚಿತ್ರದ ಆಧಾರವೆಂದಷ್ಟೇ ನೋಡದೆ ಅದನ್ನೇ ಮಾಧ್ಯಮವಾಗಿಸಿಕೊಂಡ ಬೆಂಗಳೂರಿನ ರವಿಕುಮಾರ್ ಕಾಶಿ ಅವರು ಗ್ಲಾಸ್ಗೊದಲ್ಲಿಯೂ ಕೊರಿಯಾದಲ್ಲಿಯೂ ಕಾಗದ ತಯಾರಿಕೆ ಕಲಿತು ಬಂದವರು. ಬೀದಿಬದಿಯ ಫ್ಲೆಕ್ಸ್ ಫಲಕಗಳನ್ನು ‘ಫ್ಲೆಕ್ಸಿಂಗ್ ಮಸಲ್ಸ್’ ಎಂಬ ಛಾಯಾಚಿತ್ರ ಪುಸ್ತಕದಲ್ಲಿ ದಾಖಲಿಸಿದವರೂ ಅವರೇ. ಊರೂರಿನ ಬೋರ್ಡ್ ಬರೆಯುವ ಕಲಾವಿದರ ಕೆಲಸವನ್ನು ಕಂಪ್ಯೂಟರ್ ಮುದ್ರಣ ಕಸಿದುಕೊಂಡಾಗ ಬಹುಪಾಲು ಜನರಿಗೆ ಡಿಜಿಟಲ್ ಚಿತ್ರದ ಮೊದಲ ಪರಿಚಯವಾದದ್ದು ಆ ಫ್ಲೆಕ್ಸ್ ಮೂಲಕ ಎಂಬುದನ್ನು ಮರೆಯಲಾಗದು. ಡಿಜಿಟಲ್ ಎಂದೊಡನೆ ಅನೇಕ ಕಲಾವಿದರಲ್ಲಿ ಹುಟ್ಟುವ ಅನುಮಾನಕ್ಕೆ ಅದೂ ಒಂದು ಕಾರಣ.

ಗಾಜಿನ ಮೇಲಿನ ರೇಖೆ

ಕಂಪ್ಯೂಟರ್ ಪರದೆಯ ಮೇಲೆ ನೇರವಾಗಿ ಗೆರೆ ಎಳೆಯುವ ಪ್ರಯತ್ನಕ್ಕೆ ಅರವತ್ತು ವರ್ಷಗಳ ಇತಿಹಾಸವಿದೆ. ಅಮೆರಿಕದ ಎಂಐಟಿಯಲ್ಲಿ 1963ರಲ್ಲಿ ಐವನ್ ಸದರ್ಲೆಂಡ್ ಅವರು ಬೆಳಕಿನ ಪೆನ್ನಿನಿಂದ ಚಿತ್ರಿಸಬಲ್ಲ ಸ್ಕೆಚ್‌ಪ್ಯಾಡ್ ರಚಿಸಿದರು. 1983ರಲ್ಲಿ ಜಪಾನಿನಲ್ಲಿ ಸ್ಥಾಪನೆಯಾದ ವಾಕಾಮ್ ಕಂಪನಿ ತಂತಿಯಿಲ್ಲದ ಪೆನ್ನನ್ನು ಬಳಕೆಗೆ ತಂದಿತು. 1990ರಲ್ಲಿ ಬಂದ ಫೋಟೊಶಾಪ್ ತಂತ್ರಾಂಶಕ್ಕೆ 1994ರಲ್ಲಿ ಪದರಗಳ ಸೌಲಭ್ಯ, ಅಂದರೆ ಚಿತ್ರದ ಭಾಗಗಳನ್ನು ಪಾರದರ್ಶಕ ಹಾಳೆಗಳಂತೆ ಒಂದರ ಮೇಲೊಂದು ಇರಿಸಿ ಬೇಕಾದಾಗ ಸರಿಸುವ ಅನುಕೂಲ, ಸೇರಿಕೊಂಡಿತು. ಭಾರತದಲ್ಲಿ ಹಿರಿಯ ಕಲಾವಿದ ಅಕ್ಬರ್ ಪದಮ್ಸೀ ಅವರು ಕಂಪ್ಯೂಟರಿನಲ್ಲಿ ರಚಿಸಿದ ಚಿತ್ರಗಳಿಗೆ ಕಂಪ್ಯೂಗ್ರಾಫಿಕ್ಸ್ ಎಂದು ಹೆಸರಿಟ್ಟರು. ಬ್ರಿಟನ್ನಿನ ಡೇವಿಡ್ ಹಾಕ್ನಿ ಅವರು ತಮ್ಮ ಎಪ್ಪತ್ತರ ಹರೆಯದಲ್ಲಿ ಫೋನಿನ ಮೇಲೆ, ಅನಂತರ ಐಪ್ಯಾಡ್ ಮೇಲೆ ಬೆರಳಾಡಿಸತೊಡಗಿ, 2011ರ ವಸಂತಾಗಮನವನ್ನು ಚಿತ್ರಿಸುವಾಗ 51 ಐಪ್ಯಾಡ್ ಚಿತ್ರಗಳನ್ನು ಮುದ್ರಿಸಿ, 32 ಕ್ಯಾನ್ವಾಸುಗಳ ಬೃಹತ್ ವರ್ಣಚಿತ್ರದೊಂದಿಗೆ ಒಂದೇ ಕೃತಿಯ ಭಾಗಗಳಾಗಿ ಇರಿಸಿದರು.

ಹಲವು ಡ್ರಾಯಿಂಗ್ ಟ್ಯಾಬ್ಲೆಟ್‌ಗಳಲ್ಲಿ ಮೇಲ್ಮೈಯ ಕೆಳಗಿರುವ ತಂತಿಜಾಲವು ಹೊರಡಿಸುವ ವಿದ್ಯುತ್ಕಾಂತೀಯ ಸಂಕೇತಕ್ಕೆ ಪೆನ್ನಿನೊಳಗಿನ ಪುಟ್ಟ ಸುರುಳಿ ಪ್ರತಿಸ್ಪಂದಿಸುತ್ತದೆ. ಪೆನ್ನಿನ ಸ್ಥಾನ, ಓರೆ ಮತ್ತು ಒತ್ತಡ ಹೀಗೆ ಲೆಕ್ಕಕ್ಕೆ ಸಿಗುತ್ತವೆ. ಇಂದಿನ ಅನೇಕ ಪೆನ್ನುಗಳು ಒತ್ತಡದ 8192 ಹಂತಗಳನ್ನು ಗುರುತಿಸುವುದರಿಂದ, ಮಣಿಕಟ್ಟು ಸಡಿಲಿಸಿದರೆ ಗೆರೆ ತೆಳುವಾಗಿ, ಅದುಮಿದರೆ ದಪ್ಪವಾಗಿ ಹರಿಯುತ್ತದೆ. ಚಿತ್ರ ಶೇಖರವಾಗುವುದು ಪಿಕ್ಸೆಲ್‌ಗಳೆಂಬ ಬಣ್ಣದ ಚುಕ್ಕಿಗಳಾಗಿ. ಎ4 ಅಳತೆಯ ಹಾಳೆಯನ್ನು ಇಂಚಿಗೆ 300 ಚುಕ್ಕಿಗಳ ಸಾಂದ್ರತೆಯಲ್ಲಿ ಮುದ್ರಿಸಲು 2480 × 3508 ಪಿಕ್ಸೆಲ್‌ಗಳು ಬೇಕಾಗುವುದರಿಂದ, ಕೃತಿ ಕೊನೆಗೆ ಎಷ್ಟು ದೊಡ್ಡದಾಗಬೇಕೆಂಬುದನ್ನು ಮೊದಲ ಗೆರೆಗೂ ಮುನ್ನ ನಿರ್ಧರಿಸಿಕೊಳ್ಳುವುದು ಲೇಸು. ಮುಕ್ತ ತಂತ್ರಾಂಶವಾದ ಕ್ರೀಟಾ ಉಚಿತವಾಗಿಯೇ ದೊರೆಯುವುದರಿಂದ, ಈ ಕಲಿಕೆಗೆ ದುಬಾರಿ ತಂತ್ರಾಂಶ ಇರಲೇಬೇಕೆಂಬ ಕಟ್ಟುಪಾಡೂ ಈಗ ಉಳಿದಿಲ್ಲ.

ಎರಡು ಬಗೆಯ ಪದರ

ಮಿಶ್ರ ಮಾಧ್ಯಮದಲ್ಲಿ ಪಳಗಿದವರು ಡಿಜಿಟಲ್ ರೇಖೆಯನ್ನು ಮೊದಲು ಪ್ರಯತ್ನಿಸುವಾಗ ಎದುರಾಗುವ ತೊಡಕು ತಾಂತ್ರಿಕವಾದದ್ದಕ್ಕಿಂತ ಆಳವಾದದ್ದು. ಪದರ ಎಂಬ ಮಾತು ಎರಡೂ ಕಡೆ ಇದ್ದರೂ, ಪರದೆಯ ಪದರಗಳು ಒಂದಕ್ಕೊಂದು ಏನನ್ನೂ ಮಾಡಿಕೊಳ್ಳುವುದಿಲ್ಲ. ಅಲ್ಲಿ ಚೊಗರು ಸುಣ್ಣದೊಡನೆ ಕೆಂಪೇರುವುದಿಲ್ಲ, ಅಂಟು ಒಣಗುವಾಗ ಕಾಗದ ಸೊಟ್ಟಗಾಗುವುದಿಲ್ಲ, ಬೇಡವಾದದ್ದು ಒಂದು ಆಜ್ಞೆಯಿಂದ ಇಲ್ಲವಾಗುತ್ತದೆ. ಇದರಿಂದ ದೊರೆಯುವ ಧೈರ್ಯ ಸಣ್ಣದಲ್ಲ: ಹತ್ತು ವಿನ್ಯಾಸಗಳನ್ನು ಒಂದೇ ಸಂಜೆ ಪರೀಕ್ಷಿಸಬಹುದು, ಕಳೆದುಕೊಳ್ಳುವ ಭಯವಿಲ್ಲದೆ ಬಣ್ಣಗಳನ್ನು ತಿರುಗುಮುರುಗಾಗಿಸಬಹುದು, ದುಬಾರಿ ಕ್ಯಾನ್ವಾಸ್ ಕೊಳ್ಳಲಾಗದ ವಿದ್ಯಾರ್ಥಿಯೂ ದೊಡ್ಡ ಕೃತಿಯನ್ನು ಯೋಜಿಸಬಹುದು. ಆದರೆ ಎಲ್ಲವನ್ನೂ ಹಿಂದಕ್ಕೆ ಪಡೆಯಬಹುದಾದ ಕಡೆ ಯಾವುದನ್ನೂ ನಿರ್ಧರಿಸದೆ ಇದ್ದುಬಿಡುವ ಅಪಾಯವೂ ಇದೆ; ತಂತ್ರಾಂಶವು ಸಿದ್ಧವಾಗಿ ಕೊಡುವ ಕುಂಚ, ಸಿದ್ಧವಾಗಿ ಕೊಡುವ ಒರಟು ಮೇಲ್ಮೈ ಜಗತ್ತಿನ ಎಲ್ಲರಿಗೂ ಒಂದೇ ಆಗಿರುವುದರಿಂದ, ಅವುಗಳನ್ನಷ್ಟೇ ನೆಚ್ಚಿದ ಚಿತ್ರ ಯಾವ ಊರಿನದೂ ಆಗದೆ ಹೋಗುತ್ತದೆ.

ಈ ಕೊರತೆಯನ್ನು ತುಂಬುವ ಶಕ್ತಿ ಇರುವುದು ಮಿಶ್ರ ಮಾಧ್ಯಮದ ಕಲಾವಿದರಲ್ಲಿಯೇ. ಚೊಗರು ಹಚ್ಚಿದ ಕಾಗದವನ್ನೋ ಸಗಣಿ ಸಾರಿಸಿದ ಹಲಗೆಯನ್ನೋ ಸ್ಕ್ಯಾನ್ ಮಾಡಿ ಅದನ್ನೇ ಡಿಜಿಟಲ್ ಚಿತ್ರದ ತಳಪದರವಾಗಿಸಬಹುದು, ಅದರ ಮೇಲೆ ಎಳೆದ ರೇಖೆಗಳನ್ನು ಹತ್ತಿಯ ಕಾಗದದ ಮೇಲೆ ಬಾಳಿಕೆಯ ಪಿಗ್ಮೆಂಟ್ ಶಾಯಿಯಲ್ಲಿ, ಎಂದರೆ ಬೇಗ ಮಾಸದ ವರ್ಣಕಣಗಳ ಶಾಯಿಯಲ್ಲಿ, ಮುದ್ರಿಸಬಹುದು, ಮುದ್ರಿತ ಹಾಳೆಗೆ ಮತ್ತೆ ದಾರ ಹೊಲಿದು, ಕೆಮ್ಮಣ್ಣು ತೀಡಿ, ಹಿಂದಕ್ಕೆ ಪಡೆಯಲಾಗದ ಹೆಜ್ಜೆಗಳನ್ನು ಇಡಬಹುದು. ಹೀಗೆ ವಸ್ತುವಿನಿಂದ ಪರದೆಗೆ, ಪರದೆಯಿಂದ ಮತ್ತೆ ವಸ್ತುವಿಗೆ ಕೃತಿ ಸಂಚರಿಸಿದಾಗ ಡಿಜಿಟಲ್ ರೇಖೆ ಕುಂಕುಮ, ಕೂದಲುಗಳ ಸಾಲಿನಲ್ಲಿ ಇನ್ನೊಂದು ಮಾಧ್ಯಮವಾಗಿ ನಿಲ್ಲುತ್ತದೆ, ಹಳೆಯದನ್ನು ಅಟ್ಟಿ ಬರುವ ಬದಲಿಯಾಗುವುದಿಲ್ಲ.

ಈ ಸೀಮೆಗೆ ಅದಕ್ಕೆ ಬೇಕಾದ ನೆಲೆಯೂ ಇದೆ. 1964ರಲ್ಲಿ ಆರಂಭವಾಗಿ ಇಂದು ದಾವಣಗೆರೆ ವಿಶ್ವವಿದ್ಯಾಲಯದ ಭಾಗವಾಗಿರುವ ದೃಶ್ಯಕಲಾ ಮಹಾವಿದ್ಯಾಲಯವು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹಳ್ಳಿಗಳ ಮಕ್ಕಳಿಗೆ ಮಹಾನಗರಕ್ಕೆ ಹೋಗದೆಯೇ ಕಲಾಶಿಕ್ಷಣ ಪಡೆಯುವ ಅವಕಾಶವಿತ್ತಿದೆ. ಅಲ್ಲಿಗೆ ಬರುವ ವಿದ್ಯಾರ್ಥಿಗಳ ಕೈಯಲ್ಲಿ ಈಗ ಫೋನಿದೆ, ಮನೆಯ ಹಿತ್ತಿಲಲ್ಲಿ ಚೊಗರಿನ ಹಂಡೆಯೂ ಇದೆ. ಎರಡನ್ನೂ ಒಂದೇ ಗೌರವದಿಂದ ಕಾಣುವುದನ್ನು ಕಲಿಸುವುದು ಇಂದಿನ ಕಲಾಶಿಕ್ಷಣದ ಮುಖ್ಯ ಹೊಣೆ. ಪ್ರದರ್ಶನದಲ್ಲಿ ಕೃತಿಯ ಪಕ್ಕ ಅಂಟಿಸುವ ವಿವರಚೀಟಿಯಲ್ಲಿ ಡಿಜಿಟಲ್ ಎಂಬ ಒಂದೇ ಪದ ಬರೆದು ಸುಮ್ಮನಾಗದೆ, ಯಾವ ಮೇಲ್ಮೈಯನ್ನು ಸ್ಕ್ಯಾನ್ ಮಾಡಲಾಯಿತು, ಯಾವ ಕಾಗದ, ಯಾವ ಶಾಯಿ, ಮುದ್ರಣದ ನಂತರ ಕೈಯಿಂದ ಸೇರಿಸಿದ್ದೇನು ಎಂಬುದನ್ನು ನಮೂದಿಸುವ ಶಿಸ್ತು ತರಗತಿಯಲ್ಲಿಯೇ ಶುರುವಾದರೆ, ಪರದೆಯ ಮೇಲೆ ಹುಟ್ಟಿದ ಚಿತ್ರವೂ ತಾನು ಯಾವ ನೆಲಕ್ಕೆ ಸೇರಿದ್ದೆಂದು ಸ್ಪಷ್ಟವಾಗಿ ಹೇಳಬಲ್ಲದು.