ಓದೋಕೆ ಬರುತ್ತೆ, ಆಡೋಕೆ ಬಾಯಿ ಬರಲ್ಲ!

ಬ್ಯಾಟರಾಯನಪುರ: ಮೊನ್ನೆ ಸಂಜೆ ನಾಲ್ಕೂವರೆ ಗಂಟೆ. ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆ ಕಾರುಗಳು ಭರ್ರೆಂದು ಓಡುತ್ತಿದ್ದವು. ಒಂದು ಕಾರು ಬಸ್ ಸ್ಟಾಪಿನ ಹತ್ತಿರ ನಿಂತಿತು. ಒಳಗಿದ್ದ ಪರಊರಿನವರು ಸರ್ಕಾರಿ ಶಾಲೆಯ ಹುಡುಗಿಯೊಬ್ಬಳನ್ನು ಜಕ್ಕೂರಿಗೆ ದಾರಿ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದರು. ಹುಡುಗಿಗೆ ಪ್ರಶ್ನೆ ಅರ್ಥವಾಯಿತು, ದಾರಿಯೂ ಗೊತ್ತಿತ್ತು. ಆದರೆ ಬಾಯಿ ಬರಲಿಲ್ಲ. ಕೈ ತೋರಿಸಿ ಗೆಳತಿಯ ಬೆನ್ನ ಹಿಂದೆ ಸರಿದುಬಿಟ್ಟಳು.

"ಗೊತ್ತಿತ್ತಲ್ಲಮ್ಮ, ಯಾಕೆ ಹೇಳಲಿಲ್ಲ?" ಅಂದೆ.

"ತಪ್ಪಾದ್ರೆ ನಗ್ತಾರೆ ಅಂಕಲ್."

ನೋಡಿ ಸ್ವಾಮಿ, ರೋಗ ಇರುವುದು ಇಲ್ಲೇ. ಹುಡುಗಿ ಹತ್ತನೇ ಕ್ಲಾಸು. ಗಣಿತದಲ್ಲಿ ಮುಂದು. ಇಂಗ್ಲಿಷಿನಲ್ಲೂ ಫೇಲಾದವಳಲ್ಲ. ಆಗುವುದಾದರೂ ಯಾಕೆ? ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕದ ಲಿಖಿತ ಪರೀಕ್ಷೆ, ಉಳಿದ 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ಪರೀಕ್ಷಾ ಹಾಲಿನಲ್ಲಿ ಕೈಗೆ ಕೆಲಸ, ನಾಲಿಗೆಗೆ ರಜೆ! ಗೈಡು ಉರು ಹೊಡೆದು, ಹಳೇ ಪ್ರಶ್ನೆಪತ್ರಿಕೆ ತಿದ್ದಿ, ಒಂದು ವಾಕ್ಯವನ್ನೂ ಸ್ವಂತವಾಗಿ ಆಡದೆ ಪಾಸಾಗಬಹುದು. ಅಂಕಕ್ಕೆ ಬಾರದ್ದನ್ನು ಮೇಷ್ಟ್ರು ಕಲಿಸುವುದೂ ಇಲ್ಲ, ಮಕ್ಕಳು ಕಲಿಯುವುದೂ ಇಲ್ಲ.

ಸರ್ಕಾರ ಸುಮ್ಮನೆ ಕೂತಿಲ್ಲ ಅನ್ನಿ. ಮೊದಲು ಐದನೇ ಕ್ಲಾಸಿನಿಂದ ಇದ್ದ ಇಂಗ್ಲಿಷನ್ನು 2007-08ರಲ್ಲಿ ಒಂದನೇ ಕ್ಲಾಸಿಗೇ ತಂದಿತು. 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಯನ್ನೇ ತೆರೆಯಿತು. ಜ್ಞಾನಭಾರತಿಯಲ್ಲಿ 1963ರಿಂದ ಇರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತದೆ. ಆದರೆ ಕನ್ನಡ ಮಾಧ್ಯಮದಲ್ಲೇ ಓದಿ, ತಾವೂ ಇಂಗ್ಲಿಷ್ ಆಡಲು ಅಳುಕುವ ಟೀಚರು ತರಬೇತಿ ಮುಗಿಸಿ ಬಂದು ಮತ್ತೆ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ಅವರನ್ನು ಬೈದು ಏನು ಬಂತು?

ಕಷ್ಟ ಭಾಷೆಯ ಕಟ್ಟಡದಲ್ಲೂ ಇದೆ. ನಾವು "ನೆನ್ನೆ ಯಲಹಂಕಕ್ಕೆ ಹೋದೆ" ಅಂತೀವಿ, ಕ್ರಿಯಾಪದ ಕೊನೆಗೆ. ಇಂಗ್ಲಿಷಿನಲ್ಲಿ "ಹೋದೆ" ಎನ್ನುವುದು ನಡುವೆ ಬಂದು ಕೂರಬೇಕು. "ನಂಗೆ ಹಸಿವಾಗಿದೆ" ಎನ್ನುವ ಮಗು ಅಲ್ಲಿ "ನಾನು" ಅಂತ ಶುರು ಮಾಡಬೇಕು. ನಮ್ಮ "ಬರ್ತೀನಿ" ದಿನಾ ಬರೋದಕ್ಕೂ ಸೈ, ನಾಳೆ ಬರೋದಕ್ಕೂ ಸೈ. ಅವರಿಗೆ ಅದು ಬೇರೆ, ಇದು ಬೇರೆ. ಬಿ-ಯು-ಟಿ "ಬಟ್" ಆದರೆ ಪಿ-ಯು-ಟಿ "ಪುಟ್" ಹೇಗೆ ಅಂತ, ಬರೆದ ಹಾಗೇ ಓದುವ ನಮ್ಮ ಮಕ್ಕಳು ಕೇಳಿದರೆ ಉತ್ತರವಿಲ್ಲ. ತಲೆಯೊಳಗೆ ಕನ್ನಡ ಕಟ್ಟಿ, ಅದನ್ನು ಬಿಚ್ಚಿ, ತಿರುವಿ ಜೋಡಿಸುವಷ್ಟರಲ್ಲಿ ಕಾರು ಹೊರಟುಹೋಗಿರುತ್ತದೆ.

ಇನ್ನು ನಮ್ಮ ಭಾಗದಲ್ಲಿ ಮನೆಯೊಳಗೆ ತೆಲುಗು, ತಮಿಳು, ಉರ್ದು ಆಡುವವರು ಬಹಳ. ಆ ಮಕ್ಕಳಿಗೆ ಕನ್ನಡವೇ ಎರಡನೆಯದು, ಇಂಗ್ಲಿಷು ಮೂರನೆಯದು. ಕೂಲಿಗೆಂದು ರಾಯಚೂರು, ಯಾದಗಿರಿ ಕಡೆಯಿಂದ ಬಂದವರ ಮಕ್ಕಳಿಗೆ ಇಲ್ಲಿನ ಕನ್ನಡಕ್ಕೇ ಮೊದಲು ಕಿವಿ ಹೊಂದಬೇಕು.

ಕಾನ್ವೆಂಟಿಗೆ ಹಾಕಿದರೆ ಸರಿಹೋಗುತ್ತದೆ ಎಂದು ಸಾಲ ಮಾಡುವವರಿದ್ದಾರೆ. ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳೂ ಉಂಟು. ದಂಡಕ್ಕೆ ಹೆದರಿದ ಮಗು ಇಂಗ್ಲಿಷ್ ಆಡುವುದಿಲ್ಲ, ಬಾಯಿ ಮುಚ್ಚಿಕೊಳ್ಳುತ್ತದೆ.

ನನ್ನದೂ ಒಂದು ಕಥೆ ಇದೆ. 2006ರಲ್ಲಿ ಪಿಯುಸಿ ಸೈನ್ಸಿಗೆ ಸೇರಿದೆ. ಕಾಲೇಜಿನ ಹೆಸರು ಬೇಡ. ಲೆಕ್ಚರರು ಎಬ್ಬಿಸಿ "ಫೋಟೋಸಿಂಥೆಸಿಸ್" ಅಂದರೇನು ಎಂದರು. ದ್ಯುತಿಸಂಶ್ಲೇಷಣೆ ಎಂದು ಕೇಳಿದ್ದರೆ ಎರಡು ಪುಟ ಒಪ್ಪಿಸುತ್ತಿದ್ದೆ! ಎಲೆ, ಬಿಸಿಲು, ನೀರು ಎಲ್ಲಾ ಗೊತ್ತು, ಆ ಹೆಸರು ಮಾತ್ರ ಗೊತ್ತಿಲ್ಲ. ಏನೋ ತೊದಲಿದೆ. ಇಡೀ ಕ್ಲಾಸು ನಕ್ಕಿತು. ಆಮೇಲೆ ಹಿಂದಿನ ಬೆಂಚು, ಆಮೇಲೆ ಗೇಟಿನಾಚೆ. ವರ್ಷ ಮುಗಿಯುವ ಮೊದಲೇ ಬಿಟ್ಟೆ.

ಅದಕ್ಕೇ ಆ ಹುಡುಗಿಯನ್ನು ಮುಂದೇನು ಓದ್ತೀಯ ಎಂದು ಕೇಳಿದೆ.

"ಸೈನ್ಸ್ ಅಂತ ಆಸೆ. ಎಲ್ಲಾ ಇಂಗ್ಲಿಷಲ್ಲೇ ಅಂತೆ. ಅಮ್ಮ ಆರ್ಟ್ಸ್ ತಗೋ ಅಂತಾಳೆ."

ಅಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ. ಅಲ್ಲಿ ದಿನಾ ಇಂಗ್ಲಿಷ್ ಕೇಳಿ ಅದರ ಭಯವನ್ನು ಮನೆಗೂ ತಂದಿದ್ದಾರೆ. ಗಣಿತದಲ್ಲಿ ಮುಂದಿರುವ ಹುಡುಗಿ, ಗಣಿತಕ್ಕೆ ಹೆದರಿ ಅಲ್ಲ, ಗಣಿತವನ್ನು ಹೇಳುವ ಭಾಷೆಗೆ ಹೆದರಿ ಅದನ್ನು ಬಿಡಬೇಕೆ? ದಿನಕ್ಕೆ ಹತ್ತು ನಿಮಿಷ, ತಪ್ಪೋ ಒಪ್ಪೋ, ಯಾರೂ ನಗದ ಹಾಗೆ ಕ್ಲಾಸಿನಲ್ಲಿ ಮಾತಾಡಿಸಲಿ. ಎಂಟನೇ ಕ್ಲಾಸಿನಿಂದಲೇ ವಿಜ್ಞಾನದ ಪದಗಳನ್ನು ಎರಡೂ ಭಾಷೆಯಲ್ಲಿ ಬೋರ್ಡಿನ ಮೇಲೆ ಬರೆಯಲಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ಟೆಂಡರೂ ಬೇಡ. ಬಹುಶಃ ಟೆಂಡರ್ ಇಲ್ಲದ್ದಕ್ಕೇ ಯಾರಿಗೂ ಹೊಳೆದಿಲ್ಲ!

ಬಸ್ಸು ಬಂತು. ಹತ್ತುವ ಮುಂಚೆ ಹುಡುಗಿ ತಿರುಗಿ, ಮೆಲ್ಲಗೆ, "ಸ್ಟ್ರೇಟ್ ಗೋ, ದೆನ್ ರೈಟ್... ಸರೀನಾ ಅಂಕಲ್?" ಎಂದಳು.

ದಾರಿ ತಪ್ಪುವಂಥದ್ದು ಅದರಲ್ಲೇನೂ ಇರಲಿಲ್ಲ.