ಕಿಸೆಯೊಳಗಿನ ಗುಪ್ತ ವೆಚ್ಚ

ರಾಯಬಾಗದ ರೈತನು ಕಬ್ಬಿನ ಗಾಡಿಯನ್ನು ಕಾಟಾದ ಮೇಲೆ ನಿಲ್ಲಿಸಿದಾಗ ತೂಕದ ಚೀಟಿಯನ್ನು ಎರಡು ಸಲ ಓದಿ ನೋಡುತ್ತಾನೆ. ಬೆಳೆದುದರಲ್ಲಿ ಒಂದು ಕಿಲೋ ಕೂಡ ಲೆಕ್ಕ ತಪ್ಪಬಾರದೆಂಬ ಎಚ್ಚರ ಅವನದು. ಆದರೆ ಅವನ ಅಂಗಿಯ ಕಿಸೆಯಲ್ಲಿರುವ ಮೊಬೈಲ್ ಫೋನು, ಅವನು ಹಣ ತೆತ್ತು ಕೊಂಡ ಡೇಟಾವನ್ನು ಅವನಿಗರಿಯದಂತೆ ವೆಚ್ಚ ಮಾಡಿದರೆ ತೂಗಿ ಹೇಳುವ ಕಾಟಾ ಎಲ್ಲಿದೆ?

ಇದು ಬರಿಯ ಶಂಕೆಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಂಡ್ರಾಯ್ಡ್ ಫೋನುಗಳ ಬಳಕೆದಾರರ ಪರವಾಗಿ 2019ರಲ್ಲಿ ಗೂಗಲ್ ಸಂಸ್ಥೆಯ ಮೇಲೆ ದಾವೆ ಹೂಡಲಾಯಿತು. ಫೋನು ಸುಮ್ಮನೆ ಬಿದ್ದಿರುವಾಗಲೂ ಗ್ರಾಹಕರ ಡೇಟಾವನ್ನೇ ಬಳಸಿ ಸಂಸ್ಥೆಗೆ ವಿವರಗಳನ್ನು ಕಳುಹಿಸುತ್ತದೆಂಬುದು ಆಪಾದನೆ. ಅದು ಫೋನಿನ ಸುರಕ್ಷತೆಗೆ ಅವಶ್ಯಕ, ಬಳಕೆದಾರರು ಷರತ್ತುಗಳಿಗೆ ಒಪ್ಪಿಯೇ ಇದ್ದಾರೆ ಎಂಬುದು ಸಂಸ್ಥೆಯ ಉತ್ತರ. 2025ರ ಜುಲೈ 1ರಂದು ಸ್ಯಾನ್ ಹೋಸೆ ನಗರದ ಜ್ಯೂರಿಯು, ಸುಮಾರು 1 ಕೋಟಿ 40 ಲಕ್ಷ ಬಳಕೆದಾರರಿಗಾಗಿ 31 ಕೋಟಿ ಡಾಲರಿಗೂ ಮಿಕ್ಕ ಪರಿಹಾರವನ್ನು ವಿಧಿಸಿತು. ಮೇಲ್ಮನವಿ ಸಲ್ಲಿಸುವುದಾಗಿ ಸಂಸ್ಥೆ ಸಾರಿತು.

ವಿವಾದದ ತಿರುಳು 'ಒಪ್ಪಿಗೆ' ಎಂಬ ಒಂದು ಮಾತಿನಲ್ಲಿದೆ. ಓದಲು ಬಾರದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ಹಿಂದಿನ ಸಾಹುಕಾರನಿಗೂ, ಹತ್ತಾರು ಪುಟಗಳ ಇಂಗ್ಲಿಷ್ ಷರತ್ತಿನ ಕೆಳಗೆ 'ಒಪ್ಪಿದೆ' ಎಂಬ ಗುಂಡಿಯನ್ನಿಡುವ ಇಂದಿನ ಕಂಪನಿಗೂ ಎಷ್ಟು ಅಂತರ? ಒತ್ತುವ ಬೆರಳು ಮಾತ್ರ ಅದೇ!

ಭಾರತದಲ್ಲಿ ಈ ಹಕ್ಕಿನ ಹೋರಾಟಕ್ಕೆ ಕನ್ನಡಿಗರೊಬ್ಬರ ಹೆಸರು ಅಂಟಿಕೊಂಡಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು.

ಅನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ರಾಯಬಾಗದಂಥ ಗಡಿಯೂರಿಗೆ ಬಹು ಬೆಲೆಯ ಒಂದು ಮಾತಿದೆ. ವಿವರಗಳನ್ನು ಕೇಳುವ ಕಂಪನಿಯು ತನ್ನ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶ ಕೊಡಬೇಕು. ಕನ್ನಡವೂ ಮರಾಠಿಯೂ ಆ ಪಟ್ಟಿಯಲ್ಲಿವೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು; ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಗಡುವಿದೆ.

ಆದರೆ ಈ ಕಾಯಿದೆ ಕಾಯುವುದು ಮನುಷ್ಯನ ವಿವರಗಳನ್ನು. ಡೇಟಾದ ಸೋರಿಕೆಯನ್ನು ಮನೆಯವರೇ ನೋಡಿಕೊಳ್ಳಬೇಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯಾವ ಆಪ್ ಎಷ್ಟು ಡೇಟಾ ನುಂಗಿತೆಂಬ ಲೆಕ್ಕ ಸಿಗುತ್ತದೆ. ಬೇಡವಾದುದಕ್ಕೆ ಹಿನ್ನೆಲೆ ಡೇಟಾವನ್ನು ತಡೆಯಲೂಬಹುದು. ತಿಂಗಳಿಗೊಮ್ಮೆ ಹಾಲಿನ ಲೆಕ್ಕ, ಕಿರಾಣಿ ಲೆಕ್ಕ ನೋಡುವ ಗೃಹಿಣಿಗೆ ಇದು ಕಷ್ಟದ ಕೆಲಸವಲ್ಲ. ಕೇಳುವ ಗಿರಾಕಿಯಿದ್ದಲ್ಲಿ ಮಾತ್ರ ತಕ್ಕಡಿ ನೆಟ್ಟಗಿರುತ್ತದೆ.